ಶಂಖ ಹಿಡಿದು ಮಾಡಿದ ಪಾಠ

ಮೊದಲ ವರ್ಷ, ದೊಡ್ಡವರಿಲ್ಲದ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರ ಕಥೆ ಹೇಳುವ ವಿಲಿಯಂ ಗೋಲ್ಡಿಂಗ್ ಅವರ ಕಾದಂಬರಿ ‘ಲಾರ್ಡ್ ಆಫ್ ದ ಫ್ಲೈಸ್’ ಪಾಠ ಮಾಡುವಾಗ ಬೋರ್ಡಿನ ಮೇಲೆ ಎರಡು ಪಟ್ಟಿ ಬರೆದಿದ್ದೆ. ಶಂಖ, ಕನ್ನಡಕ ಅಂದ್ರೆ ನಾಗರಿಕತೆ. ಬಣ್ಣ ಬಳಿದ ಮುಖ, ಕೋಲಿಗೆ ಚುಚ್ಚಿದ ಹಂದಿತಲೆ ಅಂದ್ರೆ ಕಾಡುತನ. ಮಕ್ಕಳು ಬರೆದುಕೊಂಡರು, ಪರೀಕ್ಷೆ ಮುಗಿಸಿದರು, ಮರೆತರು. ನನಗೆ ತುಂಬಾ ಬೇಜಾರಾಯಿತು.

ಮುಂದಿನ ವರ್ಷ ಗುಬ್ಬಿ ಕಡೆಯ ದಾಸಯ್ಯ ಒಬ್ಬರ ಮನೆಯಿಂದ ಶಂಖ ಕೇಳಿ ತಂದೆ. ಶ್ರಾವಣ ಮುಗಿದಿತ್ತು, ಕೊಟ್ಟರು. ಕಾದಂಬರಿಯ ಹುಡುಗರ ನಿಯಮವನ್ನೇ ಕ್ಲಾಸಿಗೂ ಹಾಕಿದೆ. ಶಂಖ ಕೈಲಿದ್ದವರು ಮಾತ್ರ ಮಾತಾಡಬೇಕು. ಅಲ್ಲಿವರೆಗೂ ಬಾಯಿ ಬಿಡದ ಹುಡುಗಿಯೊಬ್ಬಳು ಅದನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಳು. ಎಲ್ಲರೂ ಕೇಳಿದರು. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನ ಮೂವರು ನಡುವೆ ಬಾಯಿ ಹಾಕಿದರು. ಆಮೇಲೆ ಇಡೀ ಕ್ಲಾಸೇ ಸಂತೆ. ಶಂಖ ಇನ್ನೂ ಅವಳ ಕೈಯಲ್ಲೇ ಇತ್ತು, ದನಿ ಮಾತ್ರ ಯಾರಿಗೂ ಕೇಳಿಸಲಿಲ್ಲ.

“ಶಂಖ ಅದೇ ಅಲ್ವಾ, ಏನು ಕಡಿಮೆ ಆಯ್ತು?” ಅಂತ ಕೇಳಿದೆ.

“ಶಂಖದಿಂದ ಬಂದರೇ ತೀರ್ಥ ಅಂತಾರಲ್ಲ ಸಾರ್, ಅದು ನಾವು ಒಪ್ಪೋ ತನಕ ಅಷ್ಟೇ” ಅಂದ ಒಬ್ಬ.

ಯಾವ ಗೈಡಿನಲ್ಲೂ ನಾನು ನೋಡದ ಉತ್ತರ! ಕಾದಂಬರಿಯ ಕನ್ನಡಕದ ಹುಡುಗ ಪಿಗ್ಗಿ ಕೂಡ ಶಂಖ ಹಿಡಿದುಕೊಂಡೇ, ಕಾಡುತನಕ್ಕಿಳಿದ ಜ್ಯಾಕ್ ಗುಂಪಿನ ಮುಂದೆ ನಿಲ್ಲುತ್ತಾನೆ. ಆ ಗುಂಪಿನ ರೋಜರ್ ಉರುಳಿಸಿದ ಬಂಡೆಗೆ ಶಂಖ ಪುಡಿಪುಡಿ, ಪಿಗ್ಗಿಯ ಜೀವವೂ ಹೋಗುತ್ತದೆ. ಆ ಪುಟ ಓದುವಾಗ ಆ ಹುಡುಗಿ ತಲೆ ಎತ್ತಲಿಲ್ಲ.

ಕನ್ನಡಕದ ಪಾಠ ಅಂಗಳದಲ್ಲಿ. ಕಾದಂಬರಿಯ ಹುಡುಗರು ಪಿಗ್ಗಿಯ ಕನ್ನಡಕವನ್ನು ಬಿಸಿಲಿಗೆ ಹಿಡಿದೇ ಬೆಂಕಿ ಹೊತ್ತಿಸುತ್ತಾರೆ. ನಮ್ಮ ತುಮಕೂರು ಜಿಲ್ಲೆಯಲ್ಲಿ ತೆಂಗಿನ ನಾರಿಗೇನು ಬರ? ದೂರದ್ದು ಕಾಣದ ಹುಡುಗನ ಕನ್ನಡಕವನ್ನು ಬಿಸಿಲಿಗೆ ಹಿಡಿದೆವು. ಬೆಳಕು ಚದುರಿತೇ ಹೊರತು ನಾರು ಬೆಚ್ಚಗೂ ಆಗಲಿಲ್ಲ. ಭೂತಗನ್ನಡಿ ಹಿಡಿದಾಗ ಹೊಗೆ ಬಂತು. ಪಿಗ್ಗಿಗೂ ದೂರದ್ದು ಕಾಣದು, ಅವನ ಕನ್ನಡಕದಿಂದ ಬೆಂಕಿ ಹೊತ್ತಿದ್ದು ಲೇಖಕರು ಮಾಡಿದ ತಪ್ಪು. ಆದರೆ ಅವತ್ತಿನಿಂದ ಮಕ್ಕಳು ಪ್ರತಿ ಸಾಲನ್ನೂ ಪರೀಕ್ಷೆ ಮಾಡಿ ಓದತೊಡಗಿದರು. ನನಗೆ ಅದೇ ಜಾಸ್ತಿ.

ಮುಖದ ಬಣ್ಣ, ಹಂದಿತಲೆ ಬೇಗ ಮುಗಿದವು. ಬೆಂಕಿ ಮಾತ್ರ ಮುಗಿಯಲಿಲ್ಲ. ಹಡಗಿಗೆ ಕಾಣಲಿ ಅಂತ ಹುಡುಗರ ನಾಯಕ ರಾಲ್ಫ್ ಕಾಯ್ದ ಬೆಂಕಿ ಅವರನ್ನು ಪಾರು ಮಾಡಲಿಲ್ಲ. ಜ್ಯಾಕ್ ಗುಂಪು ರಾಲ್ಫ್‌ನನ್ನೇ ಕೊಲ್ಲಲು ಹಚ್ಚಿದ ಬೆಂಕಿಯ ಹೊಗೆ ನೋಡಿ ಹಡಗು ಬಂತು. ಅದೂ ಯುದ್ಧದ ಹಡಗು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದ ಗೋಲ್ಡಿಂಗ್ 1954ರಲ್ಲಿ ಪ್ರಕಟಿಸಿದ ಪುಸ್ತಕ ಇದು.

“ಹಾಗಾದರೆ ಬೆಂಕಿಯನ್ನು ಯಾವ ಪಟ್ಟಿಗೆ ಸೇರಿಸೋಣ?” ಅಂದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಶಂಖ ಕೈಯಿಂದ ಕೈಗೆ ಹೋಗುತ್ತಲೇ ಇತ್ತು.