ಕಪ್ಪು ಡೈ ಮೇಲೆ ಹೊಂಬಣ್ಣ: ಕೂದಲು ಉಳಿಸಿಕೊಂಡು ಮಾಡುವುದು ಹೇಗೆ?

ಕಾರವಾರವಿರಲಿ, ಶಿರಸಿಯಿರಲಿ, ಕೈ ಪಳಗಿದ ಪಾರ್ಲರಿನವರಿಗೆ ಹೊಂಬಣ್ಣದ ಕೂದಲಿನ ಫೋಟೊ ತೋರಿಸಿ ನೋಡಿ. ಅವರು ಮೊದಲು ಕೇಳುವುದು ಒಂದೇ: ‘ಇದಕ್ಕೆ ಮುಂಚೆ ತಲೆಗೆ ಏನೇನು ಹಚ್ಚಿದ್ದೀರಿ?’ ಇಲ್ಲಿ ಮುಚ್ಚುಮರೆ ಬೇಡ. ಕೂದಲು ತಿಂಗಳಿಗೆ ಬೆಳೆಯುವುದು ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ ಅಷ್ಟೇ. ಉದ್ದ ಜಡೆಯ ತುದಿಗೆ ನಾಲ್ಕೈದು ವರ್ಷ ವಯಸ್ಸಾಗಿರುತ್ತದೆ. ಯಾರದೋ ಮದುವೆಗೆಂದು ಹಚ್ಚಿ ಮರೆತ ಡೈ ಇನ್ನೂ ಅಲ್ಲೇ ಕೂತಿರುತ್ತದೆ.

ಕಪ್ಪು ಡೈ ಮೇಲೆ ತಿಳಿ ಬಣ್ಣದ ಡೈ ಹಚ್ಚಿದರೆ ದುಡ್ಡು ದಂಡ. ಒಂದು ಡೈ ಇನ್ನೊಂದನ್ನು ತೆಗೆಯುವುದಿಲ್ಲ. ಅದಕ್ಕೆ ಕೂದಲಿನ ಬಣ್ಣ ಕಳೆಯುವ ಬ್ಲೀಚ್ ಬೇಕು.

ಹೆಚ್ಚು ಎಚ್ಚರ ಬೇಕಾಗುವುದು ಮದರಂಗಿ ಹಚ್ಚಿದವರಿಗೆ. ಹಿತ್ತಲಿನ ಎಲೆ ಅರೆದು ಹಚ್ಚಿದ್ದರೆ ಅಪಾಯವಿಲ್ಲ, ಆದರೆ ಅದರ ಕಿತ್ತಳೆ ಛಾಯೆ ಸುಲಭಕ್ಕೆ ಬಿಡುವುದಿಲ್ಲ. ನೀಲಿ ಎಲೆಯ ಪುಡಿ, ಅಂದರೆ ಇಂಡಿಗೊ, ಸೇರಿದ್ದರೆ ಬ್ಲೀಚ್ ಆದ ಮೇಲೆ ಹಸಿರು ಬಣ್ಣ ಇಣುಕಬಹುದು. ನಿಜವಾದ ತೊಂದರೆ ‘ಕಪ್ಪು ಮೆಹೆಂದಿ’ ಹೆಸರಿನ ಪುಡಿಗಳದ್ದು. ಕೆಲವದರಲ್ಲಿ ಲೋಹದ ಲವಣ ಇರುತ್ತದೆ. ಬ್ಲೀಚಿನ ಪೆರಾಕ್ಸೈಡ್ ತಾಗಿದರೆ ಅದು ಕಾದು, ಕೂದಲು ಸುಟ್ಟಂತಾಗಿ ಕೈಗೇ ಬರುತ್ತದೆ.

ಹಾಗಾಗಿ ಮೊದಲ ಕೆಲಸ ಎಳೆ ಪರೀಕ್ಷೆ. ಕತ್ತಿನ ಹಿಂದೆ, ಒಳಗಿನ ಪದರದಿಂದ ತೆಳ್ಳನೆಯ ಒಂದು ಎಳೆ ಕತ್ತರಿಸಿ. ದಾರ ಕಟ್ಟಿ. ಗಾಜಿನ ಲೋಟದಲ್ಲಿ ಸ್ವಲ್ಪ ಬ್ಲೀಚ್ ಕಲಸಿ ಅದರಲ್ಲಿ ಮುಳುಗಿಸಿ. ಲೋಟ ಬಿಸಿಯಾದರೆ, ಹೊಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಆ ಕೂದಲು ಬೆಳೆದು ಕತ್ತರಿಸುವವರೆಗೆ ಬ್ಲೀಚ್ ಮಾತೇ ಬೇಡ. ಏನೂ ಆಗದಿದ್ದರೆ ಐದೈದು ನಿಮಿಷಕ್ಕೆ ಎತ್ತಿ ನೋಡಿ, ಎಷ್ಟು ಹೊತ್ತಿಗೆ ಯಾವ ಬಣ್ಣ ಬಂತೆಂದು ಬರೆದಿಡಿ. ಕೊನೆಗೆ ತೊಳೆದು, ಒದ್ದೆ ಎಳೆಯನ್ನು ಮೆಲ್ಲಗೆ ಎಳೆಯಿರಿ. ಹಿಗ್ಗಿ ವಾಪಸ್ ಬಂದರೆ ಸರಿ. ಅಂಟಂಟಾಗಿ ಉದ್ದವಾಗುತ್ತಲೇ ಹೋದರೆ ಕೂದಲು ತಡೆಯುವುದಿಲ್ಲ.

ನಮ್ಮ ಕಡೆಯ ಇನ್ನೊಂದು ಸಂಗತಿ ನೀರು. ಬಾವಿ ಅಥವಾ ಬೋರ್ ನೀರು ಬಕೆಟಿನಲ್ಲಿ ಕೆಂಪು ಕಲೆ ಬಿಡುತ್ತದೆ ಅಲ್ವಾ? ಅದು ಕಬ್ಬಿಣ. ಕೂದಲಿನಲ್ಲೂ ಕೂತು ಬ್ಲೀಚ್ ಕೆಡಿಸುತ್ತದೆ. ಅಂಥ ನೀರಿದ್ದರೆ ಒಂದು ವಾರ ಮುಂಚೆ ಲೋಹದ ಅಂಶ ತೆಗೆಯುವ ಶಾಂಪೂ ಬಳಸಿ.

ಮಾಮೂಲಿ ಪೆಟ್ಟಿಗೆ ಡೈ ಆಗಿದ್ದರೆ ಮೊದಲು ಕಲರ್ ರಿಮೂವರ್ ಪ್ರಯತ್ನಿಸಿ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಸಹಿಸಿಕೊಳ್ಳಿ. ಚೆನ್ನಾಗಿ ತೊಳೆಯದಿದ್ದರೆ ಕಪ್ಪು ಮತ್ತೆ ಮರಳುತ್ತದೆ. ಮದರಂಗಿಗೆ ಇದು ನಾಟುವುದಿಲ್ಲ.

ಬ್ಲೀಚ್ ಹಿಂದಿನ ರಾತ್ರಿ ತೆಂಗಿನೆಣ್ಣೆ ಹಚ್ಚಿಕೊಳ್ಳಿ, ಅಜ್ಜಿ ಬೈಯುವುದೂ ತಪ್ಪುತ್ತದೆ. ಅದು ಕೂದಲಿನೊಳಗೆ ಇಳಿದು ಪ್ರೋಟೀನ್ ಕಳೆದುಹೋಗುವುದನ್ನು ತಗ್ಗಿಸುತ್ತದೆ. ಬ್ಲೀಚ್ ಪುಡಿಗೆ ಕಲಸುವ ದ್ರವಕ್ಕೆ ಡೆವಲಪರ್ ಎನ್ನುತ್ತಾರೆ. ಅದು 20 ವಾಲ್ಯೂಮ್ ಸಾಕು, ಅಂದರೆ ಶೇ 6ರಷ್ಟು ಪೆರಾಕ್ಸೈಡ್. ಬೇಗ ಆಗಲೆಂದು 40ಕ್ಕೆ ಕೈ ಹಾಕಬೇಡಿ. ಪ್ಲಾಸ್ಟಿಕ್ ಬಟ್ಟಲಿನಲ್ಲಿ, ಪ್ಯಾಕೆಟ್ ಮೇಲಿನ ಅಳತೆಯಂತೆ ಕಲಸಿ. ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಬ್ಲೀಚ್ ಪುಡಿ ದಮ್ಮು ಕೆರಳಿಸಬಹುದು, ಅಸ್ತಮಾ ಇದ್ದವರು ದೂರ ಇರುವುದೇ ಒಳ್ಳೆಯದು.

ಬುಡದಿಂದ ಒಂದು ಇಂಚು ಬಿಟ್ಟು, ತೆಳು ಪದರಗಳಲ್ಲಿ ಹಚ್ಚುತ್ತಾ ಬನ್ನಿ. ಬುಡ ಕೊನೆಗೆ. ತಲೆಯ ಕಾವಿಗೆ ಅಲ್ಲಿ ಬ್ಲೀಚ್ ಬೇಗ ಕೆಲಸ ಮಾಡುತ್ತದೆ, ಮೊದಲೇ ಹಚ್ಚಿದರೆ ಬುಡ ಮಾತ್ರ ಬೆಳ್ಳಗಾಗಿ ಉಳಿದದ್ದು ಕೆಂಪಾಗೇ ಇರುತ್ತದೆ. ಕಪ್ಪು ಮೊದಲು ಕೆಂಪಾಗಿ, ಕಿತ್ತಳೆಯಾಗಿ, ಹಳದಿಯಾಗಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತಿಳಿ ಹಳದಿಗೆ ಬರುತ್ತದೆ. ಡೈ ಹಾಕಿದ ಕೂದಲು ಮೊದಲ ಸಲ ಕಿತ್ತಳೆಯಲ್ಲೇ ನಿಲ್ಲುವುದು ಸಾಮಾನ್ಯ. ಹಟ ಮಾಡಿ ಅದೇ ದಿನ ಮತ್ತೆ ಹಚ್ಚಬೇಡಿ. ಪ್ಯಾಕೆಟ್ ಹೇಳಿದ ಸಮಯ ಮುಗಿದರೆ, ಅಥವಾ ತಲೆ ಉರಿದರೆ ತಕ್ಷಣ ತೊಳೆಯಿರಿ. ಮುಂದಿನ ಸುತ್ತು ಕೆಲವು ವಾರ ಬಿಟ್ಟು, ಮತ್ತೆ ಎಳೆ ಎಳೆದು ನೋಡಿದ ಮೇಲೆ. ಮುಂದಿನ ವಾರವೇ ಮದುವೆ ಇದ್ದವರು ಸುಮ್ನೆ ಕ್ಯಾರಮೆಲ್ ಬಣ್ಣಕ್ಕೆ ಒಪ್ಪಿಕೊಳ್ಳಿ. ನಮ್ಮವರ ಮೈಬಣ್ಣಕ್ಕೆ ಅದೇ ಹೆಚ್ಚು ಚಂದ ಎಂಬುದು ನನ್ನ ಅಭಿಪ್ರಾಯ.

ಉಳಿದ ಹಳದಿಗೆ ನೇರಳೆ ಟೋನರ್, ಕಿತ್ತಳೆಗೆ ನೀಲಿ. ಟೋನರ್ ಬಣ್ಣ ತಿದ್ದುತ್ತದೆ, ಕೂದಲನ್ನು ತಿಳಿ ಮಾಡುವುದಿಲ್ಲ. ಹಚ್ಚುವ 48 ಗಂಟೆ ಮುಂಚೆ ಕಿವಿಯ ಹಿಂದೆ ತಾಗಿಸಿ ಅಲರ್ಜಿ ಇದೆಯೇ ನೋಡಿಕೊಳ್ಳಿ.

ಆಮೇಲೆ ವಾರಕ್ಕೊಮ್ಮೆ ನೇರಳೆ ಶಾಂಪೂ, ಪ್ರತಿ ಸ್ನಾನಕ್ಕೂ ಕಂಡೀಷನರ್. ಗೋಕರ್ಣದಲ್ಲೋ ಮುರ್ಡೇಶ್ವರದಲ್ಲೋ ಸಮುದ್ರಕ್ಕೆ ಇಳಿಯುವ ಮುಂಚೆ ಸಿಹಿನೀರಿನಲ್ಲಿ ತಲೆ ಒದ್ದೆ ಮಾಡಿಕೊಳ್ಳಿ, ಉಪ್ಪುನೀರು ಕಡಿಮೆ ಹೀರುತ್ತದೆ. ತಿಂಗಳೆರಡು ತಿಂಗಳಲ್ಲಿ ಬುಡದಲ್ಲಿ ಕಪ್ಪು ಕಾಣಿಸುತ್ತದೆ. ಆಗ ಬ್ಲೀಚ್ ಹೊಸ ಕೂದಲಿಗೆ ಮಾತ್ರ. ಮೊದಲೇ ತಿಳಿಯಾದ ಭಾಗಕ್ಕೆ ದಪ್ಪಗೆ ಕಂಡೀಷನರ್ ಬಳಿದು, ಬ್ಲೀಚ್ ಅದರ ಮೇಲೆ ಹರಿಯದಂತೆ ನೋಡಿಕೊಳ್ಳಿ.