99 ರೂಪಾಯಿಗೆ ಒಂದು ಗಂಟು

ಕೊಡಗಿನ ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಅಗ್ಗದ ಅಂಗಡಿಗಳಿಗೆ ಪ್ಲಾಸ್ಟಿಕ್ ಕಡಿಮೆ ಇರುವ ಕಾಂಬೋ ಸೆಟ್ ಮಾಡಿಕೊಡುವುದು ನನ್ನ ಕೆಲಸ. ಸುಂಟಿಕೊಪ್ಪದ ಹತ್ತಿರ ಒಂದು ಹಳೇ ಕಾಫಿ ಗೋದಾಮಿದೆ. ಅಲ್ಲಿ ನಾನು ಮತ್ತು ನಮ್ಮ ಸ್ತ್ರೀಶಕ್ತಿ ಸಂಘದ ಕೆಲವರು ಸೇರಿ ಹೊಲಿಯುತ್ತೇವೆ, ಮಡಚುತ್ತೇವೆ, ಕಟ್ಟುತ್ತೇವೆ. ಇದೇ ಕೆಲಸಕ್ಕೆ ಇಳಿಯಬೇಕು ಅಂತಿರುವವರು ಫೋನ್ ಮಾಡಿ ಮೊದಲು ಕೇಳುವುದು, ‘ಅಕ್ಕಾ, ಬಾಕ್ಸ್ ಎಲ್ಲಿ ಮಾಡಿಸ್ತೀರಿ?’ ಅಂತ. ಬಾಕ್ಸ್ ಆಮೇಲಿನ ಮಾತು. ಮೊದಲು ಲೆಕ್ಕ.

ಅಗ್ಗದ ಅಂಗಡಿಯಲ್ಲಿ ಬೆಲೆ ನಮ್ಮ ಕೈಯಲ್ಲಿಲ್ಲ. 49, 99, 149: ಇಷ್ಟೇ. ಖರ್ಚು ಕೂಡಿಸಿ ಲಾಭ ಸೇರಿಸುವ ಪದ್ಧತಿ ಇಲ್ಲಿ ನಡೆಯದು. 99ರಿಂದ ಹಿಂದಕ್ಕೆ ಇಳಿಯುತ್ತಾ ಬರಬೇಕು. ಹಾಗೆ ಇಳಿಯುವಾಗ ಮೊದಲು ಕಾಲಿಗೆ ಸಿಗುವುದು ಜಿಎಸ್‌ಟಿ. ಬೇರೆ ಬೇರೆ ಜಾತಿಯ ವಸ್ತುಗಳನ್ನು ಸೇರಿಸಿ ಒಂದೇ ಬೆಲೆಗೆ ಮಾರಿದರೆ ಕಾನೂನು ಅದನ್ನು ‘ಮಿಕ್ಸ್‌ಡ್ ಸಪ್ಲೈ’ ಎನ್ನುತ್ತದೆ. ಒಳಗಿರುವುದರಲ್ಲಿ ಯಾವುದರ ತೆರಿಗೆ ಹೆಚ್ಚೋ ಅದೇ ಇಡೀ ಸೆಟ್ಟಿಗೆ ಬೀಳುತ್ತದೆ. ಎಲ್ಲವೂ ಶೇ. 5ರವೇ ಆದರೆ 99ರಲ್ಲಿ ತೆರಿಗೆ ಕಳೆದು ಉಳಿಯುವುದು 94 ರೂಪಾಯಿ 29 ಪೈಸೆ. ಶೇ. 18ರ ಒಂದೇ ಒಂದು ವಸ್ತು ಸೇರಿದರೂ ಅದು 83 ರೂಪಾಯಿ 90 ಪೈಸೆಗೆ ಇಳಿಯುತ್ತದೆ. ಅಂಗಡಿಯವರ ಪಾಲು ಕಾಲುಭಾಗ ಅಂತ ಹಿಡಿದರೆ ನಮ್ಮ ಕೈಗೆ ಬರುವುದರಲ್ಲಿ ಹೆಚ್ಚುಕಮ್ಮಿ ಎಂಟು ರೂಪಾಯಿ ಹೋಯಿತು. 99ರ ಸೆಟ್ಟಿನಲ್ಲಿ ಎಂಟು ರೂಪಾಯಿ ಅಂದರೆ ಹೊಲಿಯುವವರ ಕೂಲಿ.

ಪಾತ್ರೆ ತೊಳೆಯುವ ಲಿಕ್ವಿಡ್ ನಮ್ಮ ಸೆಟ್ಟಿನಲ್ಲಿ ಇಲ್ಲದಿರುವುದು ಇದೇ ಕಾರಣಕ್ಕೆ. ಅದರ ತೆರಿಗೆ 18, ಸಾಲದ್ದಕ್ಕೆ ಪ್ಲಾಸ್ಟಿಕ್ ಬಾಟಲಿ ಬೇರೆ. ಮೈಸೋಪಿನ ದರ 2025ರ ಸೆಪ್ಟೆಂಬರ್ 22ರಿಂದ 18ರಿಂದ 5ಕ್ಕೆ ಇಳಿದದ್ದರಿಂದ ಅದಕ್ಕೆ ಜಾಗ ಸಿಕ್ಕಿತು. ಸೋಪನ್ನು ಮಾತ್ರ ನಾವೇ ಕಾಯಿಸಲು ಹೋಗುವುದಿಲ್ಲ. ಮೈಸೋಪು ಕಾನೂನಿನ ಪ್ರಕಾರ ಕಾಸ್ಮೆಟಿಕ್, ತಯಾರಿಸಲು ಲೈಸೆನ್ಸ್ ಬೇಕು. ಲೈಸೆನ್ಸ್ ಇರುವವರಿಂದಲೇ ಕೊಳ್ಳುತ್ತೇವೆ.

ಇನ್ನು ಕೊಳ್ಳುವವರು ಯಾರು? ಈ ಅಂಗಡಿಗಳಿಗೆ ಬರುವವರಲ್ಲಿ ಹೆಚ್ಚಿನವರು ತೋಟದ ಲೈನ್‌ಮನೆಯವರು (ಕಾಫಿ ತೋಟದ ಕೂಲಿಯವರ ಸಾಲುಮನೆಗಳಲ್ಲಿ ಇರುವವರು), ಪೇಟೆಯ ಸಣ್ಣ ಸಂಬಳದವರು. ‘ಪರಿಸರಸ್ನೇಹಿ’ ಅಂತ ದೊಡ್ಡದಾಗಿ ಬರೆದರೆ ಅವರು ಅದನ್ನು ದುಬಾರಿ ಅಂತಲೇ ಓದಿಕೊಳ್ಳುತ್ತಾರೆ. ನನಗೆ ಅಂಟುವಾಳಕಾಯಿ ಹಾಕಬೇಕೆಂಬ ಆಸೆ ಬಹಳ ಇತ್ತು. ಗಿರಿಜನರ ಸಹಕಾರ ಸಂಘಗಳಾದ ಲ್ಯಾಂಪ್ಸ್ ಸೊಸೈಟಿಗಳಲ್ಲಿ ಜೇನು, ಸೀಗೆಕಾಯಿಯ ಜೊತೆ ಅದೂ ಬರುತ್ತದೆ. ಲೈನ್‌ಮನೆಯ ಒಬ್ಬರು ಅಜ್ಜಿ ಅದನ್ನು ಕೈಯಲ್ಲಿ ಹಿಡಿದು, ‘ಇದು ಮರದ ಕೆಳಗೆ ಬಿದ್ದಿರ್ತದಲ್ಲ ಮಗಾ, ಇದಕ್ಕೂ ದುಡ್ಡಾ?’ ಅಂದರು. ಬೆಂಗಳೂರಿನವರಿಗೆ ಅದು ಹೊಸ ವಸ್ತು, ಇವರಿಗೆ ಹಿತ್ತಲಿನದು. ಈ ಅಂಗಡಿಗೆ ಹೇಗಿದ್ದರೂ ತಿಂಗಳಿಗೊಮ್ಮೆ ಕೊಳ್ಳುವ ಸಾಮಾನೇ ಬೇಕು. ನಮ್ಮ ಮನೆಬಳಕೆಯ ಸೆಟ್ ಇಷ್ಟು: ತೆಂಗಿನ ನಾರಿನ ಎರಡು ಸ್ಕ್ರಬ್ಬರ್, ಒಂದು ಮೈಸೋಪು, ಪಾತ್ರೆ ಒರೆಸುವ ಎರಡು ಹತ್ತಿಬಟ್ಟೆ. ನಾರು ಅರಸೀಕೆರೆ ಕಡೆಯದು.

ಎರಡನೇ ಬಟ್ಟೆಯೇ ಪ್ಯಾಕಿಂಗ್. ಹಿಂದೆ ಸಂತೆಗೆ ಹೋದವರು ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಬರುತ್ತಿರಲಿಲ್ಲವೇ, ಅದೇ. ಡಬ್ಬದ ಖರ್ಚು ಉಳಿಯಿತು, ಮನೆಗೆ ಹೋದ ಮೇಲೆ ಎಸೆಯುವಂಥದ್ದು ಕಾಗದದ ಪಟ್ಟಿ ಬಿಟ್ಟರೆ ಏನೂ ಇಲ್ಲ. ಆದರೆ ಕುಶಾಲನಗರದ ಅಂಗಡಿಯಣ್ಣನ ಕಷ್ಟವೇ ಬೇರೆ. ‘ಅಕ್ಕಾ, ನೋಡೋಕೆ ಚೆನ್ನಾಗಿದೆ. ಒಂದರ ಮೇಲೊಂದು ಇಟ್ರೆ ಉರುಳ್ತದೆ. ಒಳಗೇನಿದೆ ಅಂತ ಎಲ್ರೂ ಬಿಚ್ಚಿ ನೋಡ್ತಾರೆ, ಆಮೇಲೆ ಕಟ್ಟೋರ್ಯಾರು?’

ಅವರ ಮಾತು ಸರಿಯೇ. ಹಾಗಾಗಿ ಈಗ ಗಂಟು ಹಾಕುವುದಿಲ್ಲ, ಹೆಸರು ಮಾತ್ರ ಗಂಟು ಅಂತಲೇ ಉಳಿದಿದೆ. ಬಟ್ಟೆಯನ್ನು ಮೂಲೆ ಮೇಲೆ ಬರುವಂತೆ ಹಾಸುತ್ತೇವೆ. ನಡುವೆ ಸೋಪು ಮಲಗಿಸಿ, ಮಡಚಿದ ಇನ್ನೊಂದು ಬಟ್ಟೆಯನ್ನು ಅದರ ಮೇಲಿಟ್ಟು, ಸ್ಕ್ರಬ್ಬರುಗಳನ್ನು ಪಕ್ಕಪಕ್ಕ ಜೋಡಿಸಿ, ಲಕೋಟೆಯ ಹಾಗೆ ಮೂರು ಮೂಲೆ ಒಳಗೆ ಮಡಚುತ್ತೇವೆ. ನಾಲ್ಕನೆಯದನ್ನು ಅರ್ಧಕ್ಕೆ ನಿಲ್ಲಿಸಿದರೆ ಕಂದು ನಾರು ಹೊರಗೆ ಇಣುಕುತ್ತದೆ. ಗಿರಾಕಿ ಬೆರಳಿಟ್ಟು ಮುಟ್ಟಿ ನೋಡಬಹುದು, ಬಿಚ್ಚಬೇಕಿಲ್ಲ. ಸುತ್ತಲೂ ದಪ್ಪ ಕಾಗದದ ಪಟ್ಟಿ. ಸೋಪು ತಳಕ್ಕೆ ಇರುವುದರಿಂದ ಹಲಗೆಯ ಮೇಲೆ ಅಲುಗದೆ ಕೂರುತ್ತದೆ.

ಆ ಪಟ್ಟಿಯನ್ನು ಅಂಟಿಸುವುದಿಲ್ಲ, ಹೊಲಿಯುತ್ತೇವೆ. ಮೈದಾ ಅಂಟು ನಮ್ಮ ಜುಲೈ ಮಳೆಯಲ್ಲಿ ಬೂಸ್ಟು ಹಿಡಿಯುತ್ತದೆ, ಅದರ ರುಚಿಗೆ ಹುಳ ಬರುತ್ತದೆ. ಸೆಲ್ಲೋಟೇಪ್ ಅಂದರೆ ಪುನಃ ಪ್ಲಾಸ್ಟಿಕ್. ದಪ್ಪ ಹತ್ತಿದಾರದಲ್ಲಿ ಎರಡು ಹೊಲಿಗೆ ಹಾಕಿದರೆ ಮಳೆಗಾಲ ದಾಟುತ್ತದೆ, ಯಾರಾದರೂ ಒಳಗಿನದನ್ನು ಎಳೆದಿದ್ದರೆ ಹರಿದದ್ದು ಗೊತ್ತೂ ಆಗುತ್ತದೆ. ನಾರನ್ನು ಮೇ ತಿಂಗಳೊಳಗೆ ಚೆನ್ನಾಗಿ ಒಣಗಿಸಿ, ಗೋಡೆಗೆ ತಾಗದ ಮರದ ಅಟ್ಟಣಿಗೆಯಲ್ಲಿ ಇಟ್ಟುಕೊಳ್ಳಬೇಕು. ಕೊಡಗಿನಲ್ಲಿ ಮಳೆ ಶುರುವಾದ ಮೇಲೆ ಒಣಗಿಸುತ್ತೇನೆ ಅನ್ನುವುದು ಬರೀ ಮಾತು.

ಪಟ್ಟಿಯ ಮೇಲಿನ ಬರಹ ನಮ್ಮ ಇಷ್ಟದ್ದಲ್ಲ. ತೂಕ-ಅಳತೆ ಇಲಾಖೆಯ 2011ರ ಪ್ಯಾಕೇಜ್ ನಿಯಮಗಳ ಪ್ರಕಾರ ಬೇರೆ ಬೇರೆ ವಸ್ತು ಸೇರಿದ ಕಟ್ಟು ‘ಕಾಂಬಿನೇಷನ್ ಪ್ಯಾಕೇಜ್’. ಒಳಗಿನ ವಸ್ತುಗಳ ಹೆಸರು, ಪ್ರಮಾಣ, ಪ್ಯಾಕ್ ಮಾಡಿದವರ ವಿಳಾಸ, ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್ ಬೇಕು. ಪ್ಯಾಕರ್ ಅಂತ ನೋಂದಣಿಯೂ ಆಗಿರಬೇಕು.

ಹಸಿರು ಎಲೆಯ ಚಿತ್ರ ಹಾಕುವ ಮುಂಚೆ ಇನ್ನೊಂದು ವಿಷಯ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಪರಿಸರದ ಹೆಸರಿನ ಸುಳ್ಳು ಪ್ರಚಾರ ತಡೆಯಲು ಮಾರ್ಗಸೂಚಿ ತಂದಿದೆ. ‘ಇಕೋ ಫ್ರೆಂಡ್ಲಿ’, ‘ನೈಸರ್ಗಿಕ’ ಅಂತ ಸುಮ್ಮನೆ ಬರೆದು ಕೂರುವಂತಿಲ್ಲ, ಆಧಾರ ಕೊಡಬೇಕು. ನಾವು ಬರೆಯುವುದು ಒಂದೇ ಸಾಲು: ‘ಹೊದಿಕೆ ಹತ್ತಿಬಟ್ಟೆ, ಒಗೆದು ಬಳಸಿ.’ ಕೊಳೆಯುತ್ತದೆ ಅಂತ ‘ಬಯೋ ಕವರ್’ ತೋರಿಸುವ ಏಜೆಂಟರು ಬರುತ್ತಲೇ ಇರುತ್ತಾರೆ. ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಪ್ರಮಾಣಪತ್ರ ಎಲ್ಲಿ ಅಂತ ಕೇಳಿ, ಅರ್ಧ ಜನ ಅಲ್ಲೇ ಎದ್ದು ಹೋಗುತ್ತಾರೆ. ಪತ್ರ ಇದ್ದರೂ ಅದು ಬಿಸಿ ಕಾಯ್ದುಕೊಳ್ಳುವ ಕಾಂಪೋಸ್ಟ್ ಘಟಕದಲ್ಲಿ ಕೊಳೆಯುವ ಲೆಕ್ಕ, ನಮ್ಮ ಹಿತ್ತಲ ಗುಂಡಿಯದ್ದಲ್ಲ.

ಪ್ರವಾಸಿಗರಿಗೆ ಕಾಫಿ-ಕಾಳುಮೆಣಸಿನ ಸೆಟ್ಟೂ ಇದೆ, ದಸರಾದಿಂದ ಬೇಸಿಗೆವರೆಗೆ ಮಾತ್ರ. ಹೊರಗೆ ದಾರ ಎಳೆಯುವ ಬಟ್ಟೆಚೀಲ. ಒಳಗಿನ ಕಾಫಿಪುಡಿ ಪೊಟ್ಟಣ ಮಾತ್ರ ಪದರದ ಪ್ಲಾಸ್ಟಿಕ್ಕೇ. ಬರೀ ಕಾಗದದಲ್ಲಿ ಕಟ್ಟಿದರೆ ನಮ್ಮ ಹವೆಗೆ ಪುಡಿ ತೇವ ಎಳೆದು ಘಮ ಕಳೆದುಕೊಳ್ಳುತ್ತದೆ. ಹಾಳಾದ ಕಾಫಿಯನ್ನು ಎಸೆದರೆ ಅದನ್ನು ಬೆಳೆದ ನೀರು, ಗೊಬ್ಬರ, ಕೂಲಿ ಎಲ್ಲ ಎಸೆದಂತೆ, ಅದಕ್ಕಿಂತ ಆ ಸಣ್ಣ ಪೊಟ್ಟಣವೇ ವಾಸಿ. ಒಳಪೊಟ್ಟಣ ಪ್ಲಾಸ್ಟಿಕ್ ಅಂತ ಚೀಟಿಯಲ್ಲೇ ಬರೆದಿದ್ದೇವೆ. ಸೋಪು, ಕಾಫಿ ಒಂದೇ ಸೆಟ್ಟಿನಲ್ಲಿ ಹಾಕಿಕೊಡಿ ಅಂತ ಕೆಲವರು ಕೇಳುತ್ತಾರೆ. ಕೊಡುವುದಿಲ್ಲ, ಕಾಫಿ ಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಗೋದಾಮಿನಲ್ಲೂ ಎರಡಕ್ಕೂ ಬೇರೆ ಬೇರೆ ಕೋಣೆ.

ದುಡ್ಡಿನ ವಿಷಯ. ದೊಡ್ಡ ಅಂಗಡಿಗಳು ಮಾಲು ಇಳಿಸಿಕೊಂಡು ತಿಂಗಳುಗಟ್ಟಲೆ ಎಳೆಯುತ್ತವೆ. ತಯಾರಕರಾಗಿ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಮಾಡಿಸಿ, ಬಿಲ್ಲಿನ ಮೇಲೆ ಆ ನಂಬರ್ ಹಾಕಿ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ಲಿಖಿತ ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ಸತಾಯಿಸುವಂತಿಲ್ಲ. ನಂಬರ್ ಕಂಡ ಮೇಲೆ ಅಕೌಂಟ್ಸ್‌ನವರ ದನಿ ಸ್ವಲ್ಪ ಮೆತ್ತಗಾಗುತ್ತದೆ. ಮಾರಾಟವಾಗದ್ದನ್ನು ವಾಪಸ್ ತೆಗೆದುಕೊಳ್ಳುವುದಕ್ಕೆ ನಾನು ಒಪ್ಪುತ್ತೇನೆ, ಆದರೆ ಪಟ್ಟಿ ಹರಿಯದೆ ಇದ್ದರೆ ಮಾತ್ರ. ಅಂಥವು ಬಂದರೆ ಪಟ್ಟಿ ಬಿಚ್ಚಿ, ಬಟ್ಟೆ ಒಗೆದು ಒಣಗಿಸಿ, ಬಿಡಿಬಿಡಿಯಾಗಿ ಸಂಘದ ಮಳಿಗೆಯಲ್ಲಿ ಮಾರುತ್ತೇವೆ.