ಬ್ರೇಕ್‌ಪಾಯಿಂಟಿಗೆ ಫೈಲ್ ಪ್ಯಾಟರ್ನ್: ಕೊನೆಗೂ ಕೂತಿತು

"ಆರ್‌ಬ್ರೇಕ್ ಇದೆಯಲ್ಲ, ಇನ್ನೇನು ಬೇಕು?" ಪೀಣ್ಯದ ಟೀಮಿನಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತಿತ್ತು. ಆರ್‌ಬ್ರೇಕ್ ಅಂದರೆ ಜಿಡಿಬಿ ಡೀಬಗ್ಗರಿನ ಕಮ್ಯಾಂಡ್: ಹೆಸರು ಒಂದು ರೆಜೆಕ್ಸಿಗೆ (ಅಕ್ಷರಗಳ ಪ್ಯಾಟರ್ನ್) ಹೊಂದುವ ಫಂಕ್ಷನ್‌ಗಳಲ್ಲೆಲ್ಲ ಬ್ರೇಕ್‌ಪಾಯಿಂಟ್, ಅಂದರೆ ಪ್ರೋಗ್ರಾಂ ನಿಲ್ಲಬೇಕಾದ ಜಾಗ, ಹಾಕುತ್ತೆ. ಈಗ ಅದೇ ಟೀಮು ದಿನಾ ನನ್ನ ಕಮ್ಯಾಂಡ್ ಬಳಸುತ್ತಿದೆ; ಅದು ಫೈಲ್ ಪಾತ್‌ನ ಪ್ಯಾಟರ್ನ್ ನೋಡಿ ಬ್ರೇಕ್‌ಪಾಯಿಂಟ್ ಹಾಕುತ್ತೆ. ಜಿಡಿಬಿ, ಪೈಥಾನ್ ಎರಡೂ ಬಲ್ಲವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ.

ಮೋಟಾರ್ ಕಂಟ್ರೋಲರಿನ ಫರ್ಮ್‌ವೇರ್. ಫೈಲುಗಳು ಹೆಚ್ಚುಕಮ್ಮಿ 900. ಡ್ರೈವರ್ ಫೋಲ್ಡರಿನ ಕೆಳಗೆ ಪೋರ್ಟಿಗೊಂದು ಫೋಲ್ಡರ್, ಪ್ರತಿಯೊಂದರಲ್ಲೂ ಅದೇ ಹೆಸರಿನ ಇನಿಟ್ ಫೈಲು. ಆ ಫೈಲುಗಳಲ್ಲಿ ಮಾತ್ರ ಪ್ರೋಗ್ರಾಂ ನಿಲ್ಲಬೇಕು. ಬರೀ ಫೈಲ್ ಹೆಸರು, ಲೈನ್ ನಂಬರ್ ಕೊಟ್ಟರೆ ಬೇರೆ ಫೋಲ್ಡರಿನವೂ ಸೇರಿ ಆ ಹೆಸರಿನ ಎಲ್ಲ ಫೈಲುಗಳಲ್ಲೂ ಬ್ರೇಕ್‌ಪಾಯಿಂಟ್ ಬೀಳುತ್ತೆ. ಆರ್‌ಬ್ರೇಕ್‌ನಲ್ಲಿ ಕೋಲನ್ನಿಗೆ ಮೊದಲು ಫೈಲ್ ಹೆಸರು ಕೊಡಬಹುದು, ಆದರೆ ಅಲ್ಲಿ ಪ್ಯಾಟರ್ನ್ ನಡೆಯಲ್ಲ. ರೆಜೆಕ್ಸ್ ಏನಿದ್ದರೂ ಫಂಕ್ಷನ್ ಹೆಸರಿಗೆ. ಅದೂ ಎರಡೂ ತುದಿಯಲ್ಲಿ ಸಡಿಲ, ಹೆಸರಿನ ನಡುವೆ ಸಿಕ್ಕಿದರೂ ಹಿಡಿದುಕೊಳ್ಳುತ್ತೆ. ಜೊತೆಗೆ ಹುಡುಗರ ಕೈಗೆ ಶೆಲ್‌ನ * ಅಭ್ಯಾಸ. ರೆಜೆಕ್ಸ್‌ನಲ್ಲಿ ಅದರ ಅರ್ಥವೇ ಬೇರೆ ಅಲ್ವಾ?

ನಮ್ಮ ಬೋರ್ಡು ಕಾರ್ಟೆಕ್ಸ್-ಎಂ3. ಫ್ಲ್ಯಾಶ್‌ನಲ್ಲಿ ಓಡುವ ಕೋಡಿಗೆ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟೇ ಗತಿ, ಇರೋದು 6. ನೂರಿನ್ನೂರು ಹಾಕಿದರೂ ಜಿಡಿಬಿ ಆಗ ಸುಮ್ನಿರುತ್ತೆ, ಕಂಟಿನ್ಯೂ ಕೊಟ್ಟಾಗ ತಕರಾರು ತೆಗೆಯುತ್ತೆ. ಫ್ಲ್ಯಾಶ್‌ನಲ್ಲೂ ಬೇಕಾದಷ್ಟು ಹಾಕುವ ಪ್ರೋಬ್ (ಬೋರ್ಡಿಗೆ ಡೀಬಗ್ಗರ್ ಜೋಡಿಸುವ ಸಾಧನ) ಕೊಳ್ಳಿ ಅಂತ ಒಬ್ಬರು ಕೊಟೇಶನ್ ಕಳಿಸಿದರು: ಒಂದಕ್ಕೆ 70-80 ಸಾವಿರದ ಆಸುಪಾಸು. ನಾಲ್ಕು ಟೇಬಲ್ಲಿಗೆ ಲೆಕ್ಕ ಹಾಕಿ. ನಾನು ಎಸ್‌ಪಿ ರೋಡಿನಿಂದ ಪ್ರಯೋಗಕ್ಕೆ ಬ್ಲೂಪಿಲ್ ಅನ್ನೋ ಅಗ್ಗದ ಕಾರ್ಟೆಕ್ಸ್-ಎಂ3 ಬೋರ್ಡು, ಅಗ್ಗದ ಪ್ರೋಬು ತಂದೆ. ಎಲ್ಲ ಸೇರಿ 700 ರೂಪಾಯಿ ಆಗಿರಬಹುದು.

ಮೊದಲು ಪೈಥಾನ್‌ನ ಎಫ್‌ಎನ್‌ಮ್ಯಾಚ್ ಹಿಡಿದು ನೋಡಿದೆ; ಹೆಸರನ್ನು ಶೆಲ್ ಥರದ ಪ್ಯಾಟರ್ನಿಗೆ ಹೋಲಿಸುವ ಮಾಡ್ಯೂಲ್ ಅದು. ಅದರಲ್ಲಿ * ಅನ್ನೋದು / ಅನ್ನೂ ದಾಟಿಬಿಡುತ್ತೆ. ಡ್ರೈವರ್ ಕೆಳಗಿನ ಒಂದು ಹಂತ ಕೇಳಿದರೆ ಟೆಸ್ಟ್ ಫೋಲ್ಡರಿನ ಆಳದವರೆಗೂ ಎಲ್ಲ ಬಂತು. ಹೆಜ್ಜೆ ಹೆಜ್ಜೆಯಾಗಿ ಓಡಿಸುವಾಗ ಬೇಡದ್ದನ್ನು ಬಿಡುವ, ಜಿಡಿಬಿಯದೇ ಸ್ಕಿಪ್ ಕಮ್ಯಾಂಡಿನ -ಜಿಎಫ್‌ಐ ಆಯ್ಕೆಯಲ್ಲಿ * ಹಾಗೆ ದಾಟಲ್ಲ. ಜನಕ್ಕೆ ಅದೇ ರೂಢಿ, ನಾನೂ ಅದನ್ನೇ ಇಟ್ಟೆ. ಹಂತ ದಾಟಬೇಕಿದ್ದರೆ ** ಹಾಕಬೇಕು. ಪೈಥಾನ್ 3.13ರ ಪಾತ್‌ಲಿಬ್‌ನಲ್ಲಿ ಇದು ಬಂದಿದೆ, ಆದರೆ ಟೂಲ್‌ಚೈನ್ ಜಿಡಿಬಿಯೊಳಗಿನ ಪೈಥಾನ್ ಹಳೇದು. ಮೂವತ್ತು ಸಾಲಿನಲ್ಲಿ ನಾನೇ ಬರೆದೆ. ಪ್ಯಾಟರ್ನ್‌ನಲ್ಲಿ / ಇಲ್ಲದಿದ್ದರೆ ಬರೀ ಫೈಲ್ ಹೆಸರಿಗೆ ಹೋಲಿಸುತ್ತೆ. ಇದ್ದರೆ ಪಾತ್‌ನ ಬಲತುದಿಯಿಂದ ಹಂತ ಹಂತವಾಗಿ. ಬಿಡುವ ಪ್ಯಾಟರ್ನ್‌ಗೂ ಇದೇ ನಿಯಮ, ಕೊನೆಯಲ್ಲಿ ಹೊಂದಿದ್ದೇ ಗೆಲ್ಲುತ್ತೆ. ಗಿಟ್‌ಇಗ್ನೋರ್ ಬಲ್ಲವರಿಗೆ ಈ ಕೊನೆಯ ನಿಯಮ ಹೊಸದಾಗಿ ಹೇಳಿಕೊಡೋದೇ ಬೇಡ.

ಜಾಸ್ತಿ ಹೊತ್ತು ತಿಂದಿದ್ದು ಪಾತ್. ಕಂಪೈಲರ್ ಬರೆದಿಡುವ ಡೀಬಗ್ ಮಾಹಿತಿಗೆ ಡ್ವಾರ್ಫ್ ಅಂತಾರೆ. ಡ್ವಾರ್ಫ್‌ನಲ್ಲಿ ಕೆಲವು ../../ ಅಂತ, ಕೆಲವು ಬಿಲ್ಡ್ ಕಂಟೇನರಿನ ಪೂರ್ತಿ ಪಾತ್, ಹೊರಗಿಂದ ಬಂದ ಲೈಬ್ರರಿಯದು ವಿಂಡೋಸಿನ \ ಜೊತೆ. ರಿಯಲ್‌ಪಾತ್ ಹಾಕಿ ಅಂತ ಸಲಹೆ ಬಂತು; ಅದು ಡಿಸ್ಕ್ ನೋಡಿ ನಿಜವಾದ ಪಾತ್ ಕೊಡುವ ಫಂಕ್ಷನ್. ಆ ಫೋಲ್ಡರುಗಳೇ ನನ್ನ ಲ್ಯಾಪ್‌ಟಾಪಿನಲ್ಲಿ ಇಲ್ಲದಿರುವಾಗ ರಿಯಲ್‌ಪಾತ್ ಏನು ಮಾಡೀತು? ಡಿಸ್ಕ್ ಮುಟ್ಟದೆ, ಅಕ್ಷರದ ಮಟ್ಟದಲ್ಲೇ ಪಾತ್ ಒಪ್ಪ ಮಾಡಿದೆ. ಬಲತುದಿಯಿಂದ ಹೋಲಿಸುವ ಲಾಭ ಇಲ್ಲಿ ಕಂಡಿತು: ಎಡಗಡೆಯ ಭಾಗ ಹೇಗಿದ್ದರೂ ಪರವಾಗಿಲ್ಲ.

ಕೊನೆಗೆ, ಪ್ಯಾಟರ್ನಿಗೆ ಹೊಂದಿದ ಸೋರ್ಸ್ ಫೈಲುಗಳ ದಾಖಲೆಗಳನ್ನು, ಅಂದರೆ ಆರಿಸಿದ ಸಿಮ್‌ಟ್ಯಾಬ್‌ಗಳನ್ನು ಪೈಥಾನ್ ಕಡೆಯ ಆರ್‌ಬ್ರೇಕ್ ಫಂಕ್ಷನ್ನಿಗೆ ಕೊಟ್ಟೆ. ಅದರ ಥ್ರಾಟಲ್ ಆಯ್ಕೆ, ಅಂದರೆ ಎಷ್ಟು ಬ್ರೇಕ್‌ಪಾಯಿಂಟ್ ಅನ್ನೋ ಮಿತಿ, ಬಂಗಾರ. ಮಿತಿ ದಾಟಿದರೆ ಎರರ್ ಕೊಡುತ್ತೆ, ಒಂದೂ ಬ್ರೇಕ್‌ಪಾಯಿಂಟ್ ಹಾಕಲ್ಲ. ಕಮ್ಯಾಂಡ್ ಡೀಫಾಲ್ಟಾಗಿ ಪಟ್ಟಿ ಮಾತ್ರ ತೋರಿಸುತ್ತೆ, ಹಾಕೋಕೆ ಬೇರೆ ಆಯ್ಕೆ ಕೊಡಬೇಕು. ಇದಕ್ಕೆ ಎಲ್ಲರೂ ಗೊಣಗಿದರು, ನಾನು ಬಿಡಲಿಲ್ಲ. ಸಿಮ್‌ಟ್ಯಾಬ್ ಪಟ್ಟಿಯನ್ನು ಬೇಗ ತೆಗೆಯುವ ದಾರಿ ಮಾತ್ರ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು. 40 ಸೆಕೆಂಡ್ ಹಿಡಿಯುತ್ತಿದ್ದದ್ದು ಈಗ ಎರಡು ಸೆಕೆಂಡಿನೊಳಗೆ ಮುಗಿಯುತ್ತೆ.

ನಡುವೆ ಎಲ್‌ಎಲ್‌ಡಿಬಿ ಅನ್ನೋ ಇನ್ನೊಂದು ಡೀಬಗ್ಗರಿನ ಕಡೆಗೂ ಹೋಗಿದ್ದೆ. ಅದರಲ್ಲಿ -ಪಿ ಕೊಟ್ಟರೆ ಸೋರ್ಸ್ ಸಾಲಿನ ಪಠ್ಯಕ್ಕೇ ರೆಜೆಕ್ಸ್, -ಎಫ್ ಕೊಟ್ಟು ಫೈಲಿಗೆ ಕಟ್ಟಬಹುದು. ಎರರ್ ರಿಟರ್ನ್ ಆಗುವ ಸಾಲುಗಳನ್ನೆಲ್ಲ ಒಂದೇ ಏಟಿಗೆ ಹಿಡಿಯಬಹುದು, ಬಹಳ ಚೆನ್ನಾಗಿದೆ. ಜಿಡಿಬಿಗೂ ಅದನ್ನು ತರುವ ಕೆಲಸ ಅರ್ಧ ಆಗಿದೆ.

ನೀವು ಮಾಡೋದಾದರೆ ಪೈಥಾನ್ ಇರುವ ಜಿಡಿಬಿಯನ್ನೇ ಹಾಕಿಕೊಳ್ಳಿ, ಆರ್ಮ್ ಟೂಲ್‌ಚೈನಿನಲ್ಲಿ ಕೆಲವು ಆವೃತ್ತಿಗಳಲ್ಲಿ ಅದರ ಹೆಸರಿನ ಕೊನೆಗೆ -ಪಿವೈ ಇರುತ್ತೆ. ಕಾರ್ಟೆಕ್ಸ್-ಎಂ0 ಬೋರ್ಡಾದರೆ ಥ್ರಾಟಲ್ 4ಕ್ಕೆ ಇಳಿಸಿ.